ಎಡಗಡೆಗೆ ಬಾರದ ಬೋಟು

ಮನೆಯೊಳಗೇ ಒಂದು ಸಿನಿಮಾ ಹಾಲ್ ಮಾಡಬೇಕು ಅಂತ ಹೊರಟವಳು ನಮ್ಮಕ್ಕ ಮಿಲ್ಕಾ. ಅವಳ ಗಂಡ ಶಿಮೆ ಭಾವನಿಗೆ ಅದು ಬೇಕಾಗಿಯೂ ಇರಲಿಲ್ಲ, ಬೇಡವಾಗಿಯೂ ಇರಲಿಲ್ಲ. ಆ ವರ್ಷ ಭಾವ ಯಾವುದಕ್ಕೂ ಹಾಗೇ ಇದ್ದ.

ನಮ್ಮ ಕಡಲೂರು ಪೋರ್ಟ್ ಲಿಂಕನ್ನಿನಲ್ಲಿ ಟ್ಯೂನಾ ಮೀನಿನ ದೋಣಿ ಓಡಿಸಿದವರಲ್ಲಿ ಭಾವನ ಹೆಸರು ಗೊತ್ತಿಲ್ಲದವರು ಕಡಿಮೆ. ದೋಣಿ ಮಾರಿ ಮನೆಯಲ್ಲಿ ಕೂತ ಮೇಲೆ ಅವನಿಗೂ ಅಕ್ಕನಿಗೂ ಹತ್ತಿದ ಹುಚ್ಚು ಸಿನಿಮಾ. ಶುಕ್ರವಾರ ಬಂತೆಂದರೆ ಇಬ್ಬರೂ ತಲೆ ಬಾಚಿಕೊಂಡು ಟಾಕೀಸಿಗೆ ಹೊರಡುತ್ತಿದ್ದರು. ಬರುವಾಗ ದಾರಿಯುದ್ದಕ್ಕೂ ಜಗಳ. ಆ ಪೊಲೀಸಿನವನು ಮೊದಲೇ ಬಾಗಿಲು ತೆಗೀಬೇಕಿತ್ತು ಅಂತ ಇವನು, ತೆಗೆದಿದ್ದರೆ ಕತೆ ಎಲ್ಲಿರುತ್ತಿತ್ತು ಅಂತ ಅವಳು. ನಾನು ಶಾಲೆಯ ಬಸ್ಸು ಓಡಿಸುವವಳು, ಮಕ್ಕಳ ಗಲಾಟೆ ಕೇಳಿ ಕೇಳಿ ಅಭ್ಯಾಸ. ಆದರೂ ಇವರಿಬ್ಬರನ್ನು ಕಾರಿನಲ್ಲಿ ಕೂರಿಸಿಕೊಂಡ ದಿನ ಇಳಿಸಿದ ಮೇಲೆ ಸ್ವಲ್ಪ ಹೊತ್ತು ಸುಮ್ಮನೆ ಕೂರಬೇಕಾಗುತ್ತಿತ್ತು.

ಹಾಗಿದ್ದ ಭಾವ ಟಾಕೀಸಿಗೆ ಹೋಗುವುದನ್ನು ನಿಲ್ಲಿಸಿಬಿಟ್ಟ. "ಸೀಟು ಸರಿಯಿಲ್ಲ, ಸೊಂಟ ಹಿಡ್ಕೊಳತ್ತೆ" ಅಂದ. ಆಮೇಲೆ ಕ್ಲಬ್ಬಿನಲ್ಲಿ ಗೆಳೆಯರ ಜೊತೆ ಬೋಚೆ ಚೆಂಡು ಉರುಳಿಸುವುದೂ ನಿಂತಿತು. ಹಬ್ಬದೂಟಕ್ಕೆ ಎಲ್ಲರೂ ಸೇರಿದಾಗ ಮೇಜಿನ ಮೂಲೆ ಹಿಡಿದು ಕೂತು, ಎಲ್ಲರೂ ನಕ್ಕು ಮುಗಿಸಿದ ಮೇಲೆ ತಾನೊಬ್ಬನೇ ನಗುತ್ತಿದ್ದ. "ಮೀನಿಗೆ ಉಪ್ಪು ಹಾಕಿದ್ಯಾ?" ಅಂತ ಅಕ್ಕ ಕೇಳಿದರೆ "ಭಾನುವಾರ ಹೋಗೋಣ ಬಿಡು" ಅಂತ ಉತ್ತರ. ಒಂದು ದಿನ ನೀರಿನ ಕೆಟಲು ಒಲೆಯ ಮೇಲೆ ಕೂಗಿ ಕೂಗಿ, ನೀರೆಲ್ಲ ಆರಿ, ತಳ ಕಪ್ಪಾಗಿ ಹೋಗಿತ್ತು. ಅಕ್ಕ ಬಟ್ಟೆ ಒಣಗಿಸಿ ಒಳಗೆ ಬಂದು ನೋಡಿದರೆ ಭಾವ ಅದೇ ಅಡುಗೆಮನೆಯ ಮೇಜಿನಲ್ಲಿ ಪೇಪರ್ ಓದುತ್ತ ಕೂತಿದ್ದ.

ಅಕ್ಕ ಅವತ್ತು ನನ್ನ ಮನೆಗೆ ಬಂದು ಕೋಟನ್ನೂ ಬಿಚ್ಚದೆ ಕುರ್ಚಿಯಲ್ಲಿ ಕುಸಿದಳು.

"ಆಂತೆ ಥರಾನೇ ಆಗ್ತಿದೆ ಯಾಸ್ನಾ. ಇವನಣ್ಣನಿಗೂ ಹೀಗೇ ಶುರುವಾಗಿದ್ದು."

ಆಂತೆ ಭಾವನ ಅಣ್ಣ. ನಮ್ಮ ಕಣ್ಣೆದುರೇ ಒಂದೊಂದಾಗಿ ಎಲ್ಲವನ್ನೂ ಮರೆಯುತ್ತ ಹೋದ ಮನುಷ್ಯ. ಕೊನೆಗೆ ಅವನನ್ನು ಬಂದರಿಗೆ ಕರೆದುಕೊಂಡು ಹೋದರೆ, ತಾನೇ ಬಣ್ಣ ಬಳಿದ ದೋಣಿಯ ಮುಂದೆ ನಿಂತು "ಇದು ಯಾರದ್ದು, ಚೆನ್ನಾಗಿದೆ" ಅಂದಿದ್ದ. ಅವತ್ತು ಭಾವ ಅಣ್ಣನ ಕೈ ಹಿಡಿದುಕೊಂಡು ಬೇರೆ ಕಡೆ ಮುಖ ತಿರುಗಿಸಿದ್ದನ್ನು ನಾನು ನೋಡಿದ್ದೆ.

ಅಡಿಲೇಡಿನಲ್ಲಿ ಟೀಚರಾಗಿರುವ ಮಗಳು ತಿಹಾನಾ ಫೋನಿನಲ್ಲಿ "ಅಪ್ಪನ್ನ ಡಾಕ್ಟರ ಹತ್ರ ಕರ್ಕೊಂಡು ಹೋಗಮ್ಮ" ಅಂತ ಹೇಳುತ್ತಲೇ ಇದ್ದಳು. ಆ ಮಾತೆತ್ತಿದರೆ ಭಾವ ಎದ್ದು ಹಿತ್ತಿಲಿಗೆ ಹೋಗಿಬಿಡುತ್ತಿದ್ದ. "ನಂಗೇನಾಗಿದೆ? ಗುಂಡುಕಲ್ಲಿನ ಹಾಗಿದೀನಿ." ಅಷ್ಟೇ.

ಅದಕ್ಕೇ ಅಕ್ಕ ತನ್ನದೇ ದಾರಿ ಹುಡುಕಿದಳು. ಜನರ ನಡುವೆ ಅವನಿಗೆ ಅವಮಾನವಾಗುತ್ತಿದ್ದರೆ ಜನರೇ ಬೇಡ, ಅವನಿಗೆ ಇನ್ನೂ ಕತೆ ತಿಳಿಯುವಷ್ಟು ದಿನ ಮನೆಯಲ್ಲೇ ದೊಡ್ಡ ಪರದೆಯ ಮೇಲೆ ನೋಡಲಿ ಅನ್ನುವುದು ಅವಳ ಲೆಕ್ಕ. ಇದನ್ನು ನನಗೆ ಹೇಳುವಾಗ ಅವಳ ದನಿ ಗಟ್ಟಿಯಾಗಿಯೇ ಇತ್ತು. ಕೈ ಮಾತ್ರ ಕೋಟಿನ ಗುಂಡಿಯನ್ನು ತಿರುಗಿಸುತ್ತಲೇ ಇತ್ತು.

ಅವರ ಮನೆಯ ಹಿಂಭಾಗದಲ್ಲಿ ಉದ್ದನೆಯ ಕೋಣೆಯೊಂದಿದೆ. ಹಿಂದೆ ಬಲೆ ಹರಡಿಕೊಂಡು ಹೊಲಿಯುತ್ತಿದ್ದ ಜಾಗ. ಪ್ರೊಜೆಕ್ಟರ್ ಕೊಳ್ಳಲು ಅಂಗಡಿಗೆ ಹೊರಡುವ ಮೊದಲು ಭಾವ ಅದನ್ನು ಅಳೆದ. ಟೇಪು ಕೊಟ್ಟರೆ ಬೇಡವೆಂದು, ಹಗ್ಗ ತಗೊಂಡು ಎರಡೂ ಕೈ ಚಾಚಿ ಮಾರು ಹಾಕಿದ. ಆಮೇಲೆ ಕಿಟಕಿಯ ಹತ್ತಿರ ನಿಂತು ಕೊಲ್ಲಿಯ ಕಡೆ ನೋಡಿದ.

"ಮಧ್ಯಾಹ್ನ ನೀರಿನ ಬೆಳಕು ಸೀದಾ ಸೂರಿಗೆ ಹೊಡಿಯತ್ತೆ. ಅಲ್ಲಿ ಬೆಳಕು ಕುಣೀತಿದ್ರೆ ಇಲ್ಲಿ ಸಿನಿಮಾ ಏನು ಕಾಣತ್ತೆ? ಮೊದಲು ಕಿಟಕಿಗೆ ದಪ್ಪ ಪರದೆ ಹೊಲ್ಸು ಮಿಲ್ಕಾ. ಪ್ರೊಜೆಕ್ಟರ್ ಆಮೇಲೆ."

ಅಕ್ಕ ನನ್ನ ಮುಖ ನೋಡಿದಳು. ಕೆಟಲು ಸುಟ್ಟುಹೋದದ್ದು ತಿಳಿಯದ ಮನುಷ್ಯ ಹೀಗೆ ಲೆಕ್ಕ ಹಾಕುತ್ತಾನಲ್ಲ ಅನ್ನುವ ಪ್ರಶ್ನೆ ಇಬ್ಬರ ಕಣ್ಣಲ್ಲೂ ಇತ್ತು. ಆದರೆ ಆಂತೆಗೂ ಕೆಲವು ದಿನ ಎಲ್ಲ ಸರಿಯಾಗಿಯೇ ಇರುತ್ತಿತ್ತು. ಅದು ನೆನಪಾಗಿ ನಾನು ಕಾರಿನ ಕೀ ಹುಡುಕತೊಡಗಿದೆ.

ಅಂಗಡಿ ವಾರಿಕ್‌ದು. ಅವನು ಭಾವನಿಗಿಂತ ತುಂಬಾ ಚಿಕ್ಕವನು. ಊರಿನ ಅರ್ಧ ದೋಣಿಗಳಿಗೆ ರೇಡಿಯೋ ಕೂರಿಸಿದವನಾದ್ದರಿಂದ ಮೀನುಗಾರರೆಲ್ಲ ಅವನ ಬಾಯಲ್ಲಿ ಯಜಮಾನರು. ಮಾತು ಶುರುಮಾಡಿದರೆ ನಿಲ್ಲಿಸುವುದು ಕಷ್ಟ.

"ಬನ್ನಿ ಯಜಮಾನ್ರೇ, ಕಡೆಗೂ ದಡಕ್ಕೆ ಬಂದ್ರಲ್ಲ! ಟಿವಿನಾ? ಪ್ರೊಜೆಕ್ಟರಾ?"

"ಪ್ರೊಜೆಕ್ಟರು. ಇವ್ಳಿಗೆ ನಟರ ಮೂಗು ಕಿಟಕಿಯಷ್ಟು ಕಾಣ್ಬೇಕಂತೆ" ಅಂದ ಭಾವ.

"ಸುಳ್ಳು ಹೇಳ್ಬೇಡ" ಅಕ್ಕ ಅಂದಳು. "ಮೂಗಲ್ಲ, ಪೂರ್ತಿ ಮುಖ ಕಿಟಕಿಯಷ್ಟು ಕಾಣ್ಬೇಕು."

ವಾರಿಕ್ ಮೊದಲು ತೋರಿಸಿದ್ದು ಗೋಡೆಗೆ ತೀರಾ ಹತ್ತಿರ, ನೆಲದ ಮೇಲೇ ಇಡುವಂಥದ್ದು. ಗೋಡೆಯ ಬುಡದಿಂದ ಮೇಲಕ್ಕೆ ಚಿತ್ರ ಬಿಡುತ್ತದೆ, ಯಾರು ಎದ್ದು ಓಡಾಡಿದರೂ ನೆರಳು ಬೀಳುವುದಿಲ್ಲ. ಅಕ್ಕನಿಗೆ ಅದು ನೋಡಿದ ಕೂಡಲೇ ಇಷ್ಟವಾಯಿತು. ಸಿನಿಮಾ ನಡುವೆ ಹತ್ತು ಸಲ ಅಡುಗೆಮನೆಗೆ ಹೋಗಿಬರುವವಳು ಅವಳೇ.

ಭಾವ ಬಗ್ಗಿ ನೋಡಿದ. "ಇದ್ರ ಬೆಳಕು ಗೋಡೆನ ಸವರ್ಕೊಂಡು ಹೋಗತ್ತೆ. ಗೋಡೆ ಸ್ವಲ್ಪ ಉಬ್ಬಿದ್ರೂ ಚಿತ್ರ ಸೊಟ್ಟ ಆಗಲ್ವಾ?"

"ಆಗತ್ತೆ. ಗೋಡೆ ಸಪಾಟಾಗಿರ್ಬೇಕು. ಇಲ್ದಿದ್ರೆ ಇದಕ್ಕೇ ಅಂತ ಬೇರೆ ಪರದೆ ಬರತ್ತೆ."

"ನಮ್ಮ ಗೋಡೆಗೆ ಗಾರೆ ಮಾಡಿದ್ದು ನಾನು. ಬಸುರಿ ಹೊಟ್ಟೆ ಥರ ಇದೆ. ಬೇಡ, ಸೂರಿಗೆ ನೇತುಹಾಕೋದು ತೋರ್ಸು."

ವಾರಿಕ್ ನಗುತ್ತ ಅಂಥವೆರಡನ್ನು ಹಚ್ಚಿದ. ಒಂದು ಹಳೆಯ ಥರದ ದೀಪದ್ದು, ಇನ್ನೊಂದು ಲೇಸರ್ ಬೆಳಕಿನದು. ದೀಪದ್ದು ಕೆಲವು ವರ್ಷಕ್ಕೆ ಮಂಕಾಗುತ್ತದೆ, ಬದಲಾಯಿಸಬೇಕು. ಲೇಸರ್‌ಗೆ ಆ ತಾಪತ್ರಯವಿಲ್ಲ, ಹಗಲು ಸ್ವಲ್ಪ ಬೆಳಕಿದ್ದರೂ ಚಿತ್ರ ಎದ್ದು ಕಾಣುತ್ತದೆ. "ದೀಪದ್ದರಲ್ಲಿ ಇನ್ನೊಂದು ತೊಂದ್ರೆ, ಫ್ಯಾನು ಕಿಂಯ್ ಅನ್ನತ್ತೆ. ತಲೆ ಮೇಲೇ ಇರೋದ್ರಿಂದ ಕೆಲವರಿಗೆ ಕಿರಿಕಿರಿ. ಕೇಳಿಸ್ತಿದೆಯಲ್ಲ?"

"ನಂಗೇನೂ ಕೇಳಿಸ್ತಿಲ್ಲಪ್ಪ" ಅಂದ ಭಾವ.

ನನಗೆ ಆ ಫ್ಯಾನು ಸೊಳ್ಳೆ ಹಿಂಡಿನ ಹಾಗೆ ಕೇಳುತ್ತಿತ್ತು. ಭಾವ ಕೊಂಡುಕೊಳ್ಳುವ ಮೊದಲು ಅಂಗಡಿಯವನನ್ನು ಆಟ ಆಡಿಸುತ್ತಿದ್ದಾನೆ ಅಂತ ನಾನು ಅಂದುಕೊಂಡೆ. ವಾರಿಕ್ ಕೂಡ ಹಾಗೇ ಅಂದುಕೊಂಡಿರಬೇಕು, "ನಿಮ್ಮಂಥ ಗಿರಾಕಿ ಸಿಕ್ರೆ ನನ್ನ ಹಳೇ ಮಾಲೆಲ್ಲ ಖಾಲಿ" ಅಂತ ನಕ್ಕ. ಅಕ್ಕನ ಒತ್ತಾಯಕ್ಕೆ ಲೇಸರ್‌ದೇ ಅಂತ ತೀರ್ಮಾನವಾಯಿತು.

"ಈಗ ಶಬ್ದ" ಅಂದ ವಾರಿಕ್. "ಚಿತ್ರ ಎಷ್ಟೇ ದೊಡ್ಡದಿರ್ಲಿ, ಶಬ್ದ ಸರಿಯಿಲ್ದಿದ್ರೆ ಗೋಡೆ ಮೇಲಿನ ಕ್ಯಾಲೆಂಡರ್ ನೋಡಿದ ಹಾಗೆ. ಒಳಗೆ ಬನ್ನಿ."

ಅಂಗಡಿಯ ಹಿಂದೆ ಕಿಟಕಿಯಿಲ್ಲದ ಕೋಣೆ. ನಡುವೆ ಕುರ್ಚಿಗಳು, ಸುತ್ತ ಸ್ಪೀಕರ್‌ಗಳು: ಮುಂದೆ ಎಡಕ್ಕೊಂದು, ಬಲಕ್ಕೊಂದು, ಮಾತು ಬರುವುದಕ್ಕೆ ಮಧ್ಯದಲ್ಲೊಂದು, ಬೆನ್ನ ಹಿಂದೆ ಎರಡು, ಮೂಲೆಯಲ್ಲಿ ಗುಡುಗುವ ದೊಡ್ಡ ಡಬ್ಬಿ. ಭಾವನನ್ನು ನಟ್ಟನಡುವಿನ ತಿರುಗುವ ಕುರ್ಚಿಯಲ್ಲಿ ಕೂರಿಸಿ ವಾರಿಕ್ ದೀಪ ಆರಿಸಿದ.

ಪರದೆಯ ಮೇಲೆ ಬೆಳಗಿನ ಮಂಜು ಕವಿದ ಕಡಲು. ಏನೂ ಕಾಣುವುದಿಲ್ಲ, ಬರೀ ಶಬ್ದ. ಎಲ್ಲೋ ಒಂದು ಸಣ್ಣ ಮೋಟಾರು ಬೋಟು ಹೊರಟಿತು. ಬಲಗಡೆಯಿಂದ ಬಂದು, ನಮ್ಮ ಬೆನ್ನ ಹಿಂದೆ ಹಾದು, ಎಡಕ್ಕೆ ಸರಿದು, ಎಡಗಿವಿಯ ಹತ್ತಿರವೇ ನಿಂತು ಟುಕುಟುಕು ಅನ್ನತೊಡಗಿತು. ನಾನು ನಿಜವಾಗಿಯೂ ಎಡಕ್ಕೆ ತಿರುಗಿ ನೋಡಿದೆ. ಅಕ್ಕನೂ ತಿರುಗಿದಳು.

ಭಾವ ತಿರುಗಲಿಲ್ಲ.

"ಹೇಗಿದೆ ಯಜಮಾನ್ರೇ? ಸುತ್ತು ಹಾಕಿತಲ್ಲ ಬೋಟು?"

"ಎಲ್ಲಿ ಸುತ್ತು ಹಾಕ್ತು? ಬಲಗಡೆ ಬಂತು, ಬಲಗಡೆನೇ ದೂರ ಹೋಯ್ತು. ಎಡಗಡೆಗೆ ಬರಲೇ ಇಲ್ಲ. ನಿನ್ನ ಸ್ಪೀಕರ್ ಕೆಟ್ಟಿದೆ ವಾರಿಕ್."

ವಾರಿಕ್ ದೀಪ ಹಾಕಿ ಗಾಬರಿಯಿಂದ ಎಡಗಡೆಯ ತಂತಿಗಳನ್ನೆಲ್ಲ ಎಳೆದು ನೋಡಿದ, ಹೊಸ ಮಾಲು ಕಳಿಸಿದವರನ್ನು ಬೈದ, ಸ್ಪೀಕರಿಗೆ ಕಿವಿಯಿಟ್ಟ. "ಬರ್ತಿದೆಯಲ್ಲ! ತಡೀರಿ, ಒಂದೊಂದೇ ಹಾಕ್ತೀನಿ." ಒಂದಾದ ಮೇಲೆ ಒಂದು ಸ್ಪೀಕರಿನಿಂದ ಮಳೆ ಬಿದ್ದಂಥ ಸದ್ದು ಬಿಟ್ಟ. ಬಲಗಡೆಯವು ಬಂದಾಗ ಭಾವ ಬೆರಳು ಬಲಕ್ಕೆ ತೋರಿಸಿದ. ಎಡಗಡೆಯವು ಬಂದಾಗಲೂ ಬಲಕ್ಕೇ ತೋರಿಸಿದ. "ಇದೂ ಬಲಗಡೆನೇ. ತೀರಾ ಸಣ್ಣಗೆ, ಅಷ್ಟೇ."

"ಯಜಮಾನ್ರೇ, ತಮಾಷೆ ಮಾಡ್ತಿದೀರಾ?"

"ನಿನ್ನ ಹತ್ರ ಎಂಥ ತಮಾಷೆ ನಂದು? ಕೆಟ್ಟಿದ್ರೆ ಕೆಟ್ಟಿದೆ ಅಂತ ಒಪ್ಕೋ."

ಅಕ್ಕ ಅಲ್ಲಿಯ ತನಕ ಅವನ ಬೆರಳನ್ನೇ ನೋಡುತ್ತಿದ್ದಳು. ಈಗ ಎದ್ದು ಬಂದು ಭಾವನ ಕುರ್ಚಿಯನ್ನು ಹಿಡಿದು ನಿಧಾನವಾಗಿ ತಿರುಗಿಸಿದಳು. ಪರದೆಗೆ ಅವನ ಬೆನ್ನಾಯಿತು.

"ಇನ್ನೊಂದ್ಸಲ ಹಾಕು ವಾರಿಕ್. ಅದೇ ಕೆಟ್ಟಿರೋದನ್ನೇ ಹಾಕು."

ಮಳೆಯ ಸದ್ದು ಬಂತು. ಭಾವ ಬೆಚ್ಚಿದ. "ಇದು ಚೆನ್ನಾಗೇ ಇದೆಯಲ್ಲ! ಜೋರಾಗಿದೆ." ಬೆರಳು ಸ್ಪೀಕರಿನ ಕಡೆಗೇ ತೋರಿಸುತ್ತಿತ್ತು.

"ಈಗ ಆ ಕಡೆದು."

ಮೊದಲು ಸರಿಯಾಗಿ ಕೇಳಿಸಿದ್ದ ಸ್ಪೀಕರ್ ಈಗ ಅವನ ಎಡಕ್ಕಿತ್ತು. ಅದು ಸುರಿಯುತ್ತಲೇ ಇತ್ತು. ಭಾವನ ಬೆರಳು ಮೇಲೆದ್ದು, ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಗಾಳಿಯಲ್ಲಿ ನಿಂತಿತು. ಆಮೇಲೆ ತಾನಾಗಿಯೇ ಅವನ ಎಡಗಿವಿಗೆ ಹೋಯಿತು. ಬಲಗಿವಿಯನ್ನು ಅಂಗೈಯಿಂದ ಮುಚ್ಚಿಕೊಂಡ. ಕೋಣೆಯಲ್ಲಿ ಅಷ್ಟು ಸದ್ದಿದ್ದರೂ ಅವನ ಮುಖ ಬಾವಿಯೊಳಗೆ ನಿಂತವನ ಹಾಗಿತ್ತು.

ವಾರಿಕ್ ಸದ್ದು ನಿಲ್ಲಿಸಿದ.

"ಮಿಲ್ಕಾ" ಅಂದ ಭಾವ. ಬಲಗಿವಿಯ ಮೇಲಿನ ಕೈ ಇಳಿಸಿದ. "ಬರೀ ಕಿವೀನಾ? ತಲೆಯಲ್ವಾ?"

ಅಕ್ಕ ಅವನ ಮುಂದೆ ನೆಲದ ಮೇಲೇ ಕೂತುಬಿಟ್ಟಳು. "ನೀನೂ ಹಾಗೇ ಅಂದ್ಕೊಂಡಿದ್ಯಾ?"

"ಇನ್ನೇನು ಅಂದ್ಕೊಳ್ಳಿ? ಎಲ್ಲರೂ ಮಾತಾಡ್ತಿದ್ರೆ ಗಂಜಿ ಕುದ್ದ ಹಾಗೆ ಕೇಳ್ಸತ್ತೆ. ಒಂದು ಮಾತೂ ಬಿಡಿಯಾಗಿ ಸಿಕ್ಕಲ್ಲ. ನೀವೆಲ್ಲ ಸರಿಯಾಗೇ ಮಾತಾಡ್ತಿದೀರ, ನನ್ನ ತಲೆನೇ ಹಿಡ್ಕೊಳ್ತಿಲ್ಲ, ಅಣ್ಣನ ಹಾಗೆ ನಂದೂ ಸೋರಿ ಹೋಗ್ತಿದೆ ಅಂತ..." ಅಕ್ಕನ ಕೈ ಹಿಡಿದುಕೊಂಡ. "ಡಾಕ್ಟ್ರು ಬಾಯ್ಬಿಟ್ಟು ಹೇಳಿಬಿಟ್ರೆ ಆಮೇಲೆ ನಿನ್ನ ಮುಖ ಹೇಗೆ ನೋಡೋದು ಅಂತ ಹೋಗ್ಲಿಲ್ಲ ಕಣೇ."

"ದಡ್ಡ" ಅಂದಳು ಅಕ್ಕ. "ದೊಡ್ಡ ದಡ್ಡ." ಅವನ ಮೊಣಕಾಲಿನ ಮೇಲೆ ಹಣೆಯಿಟ್ಟು ಅತ್ತಳು. ಎಷ್ಟೋ ತಿಂಗಳಿಂದ ಒಬ್ಬರಿಗೊಬ್ಬರು ಹೇಳದೆ ಒಂದೇ ಹೆದರಿಕೆಯನ್ನು ಇಬ್ಬರೂ ಹೊತ್ತು ತಿರುಗಿದ್ದರು, ಒಂದೇ ಮಂಚದ ಎರಡು ಬದಿಯಲ್ಲಿ. ವಾರಿಕ್ ತಂತಿಯನ್ನು ಕೈಯಲ್ಲಿ ಸುತ್ತಿಕೊಳ್ಳುತ್ತ, "ನಾನು ಕಾಫಿ ತರ್ತೀನಿ" ಅಂತ ಹೊರಗೆ ಹೋದವನು ಬಹಳ ಹೊತ್ತು ಬರಲಿಲ್ಲ. ಅವನಿಗೂ ಬುದ್ಧಿಯಿದೆ ಅಂತ ನನಗೆ ಗೊತ್ತಾದದ್ದು ಅವತ್ತೇ.

ಅದೇ ವಾರ ಕಿವಿ ಪರೀಕ್ಷೆಯಾಯಿತು. ಗಾಜಿನ ಗೂಡಿನಲ್ಲಿ ಕೂರಿಸಿ ಕಿವಿಗೆ ಸದ್ದು ಬಿಟ್ಟು ನೋಡಿದ ಹುಡುಗಿ ಬಿಡಿಸಿ ಹೇಳಿದಳು: ಎಡಗಿವಿ ಹೆಚ್ಚುಕಡಿಮೆ ಪೂರ್ತಿ ಹೋಗಿದೆ. ಬಲಗಿವಿಯಲ್ಲಿ ಕೀರಲು ಸದ್ದುಗಳು ಮಾತ್ರ ಕೇಳುತ್ತಿಲ್ಲ, ಅದು ಇಂಜಿನ್ನಿನ ಪಕ್ಕ ಕಳೆದ ವರ್ಷಗಳ ಫಲ. ಕೆಟಲಿನ ಸೀಟಿ ಕೇಳದೆ ಹೋದದ್ದು ಅದಕ್ಕೇ. ಆದರೆ ಒಂದೇ ಕಿವಿ ಹೀಗೆ ಹೋಗಿದ್ದರೆ ಒಳಗೆ ಗಡ್ಡೆಗಿಡ್ಡೆ ಇಲ್ಲವೆಂದು ಖಾತ್ರಿ ಮಾಡಿಕೊಳ್ಳಬೇಕು, ಅಡಿಲೇಡಿನಲ್ಲಿ ಸ್ಕ್ಯಾನ್ ಮಾಡಿಸಿ, ಅಂದಳು.

ಹಗುರವಾಗಿದ್ದ ಮನೆ ಮತ್ತೆ ಭಾರವಾಯಿತು. ಆದರೆ ಈ ಸಲ ಅವರು ಬಾಯಿ ಮುಚ್ಚಿಕೊಂಡು ಹೆದರಲಿಲ್ಲ, ಜಗಳಾಡುತ್ತ ಹೆದರಿದರು. ಅಡಿಲೇಡಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆದ ಮೇಲೆ ನಾನೂ ತಿಹಾನಾಳೂ ಅವರ ಎದುರು ಕೂತಿದ್ದೆವು. ಅಕ್ಕ ಬೇಕೆಂದೇ ಅವನ ಬಲಗಡೆಗೆ ಕೂತು ಅವನ ಕಿವಿ ತಿನ್ನುತ್ತಿದ್ದಳು.

"ಇಷ್ಟು ದಿನ ನಾನು ಹೇಳಿದ್ದೇನೂ ಕೇಳಿಸ್ಲಿಲ್ಲ ಅಂತ ಇನ್ಮೇಲೆ ನೆಪ ಹೇಳೋ ಹಾಗಿಲ್ಲ."

"ಎಲ್ಲಾ ಕೇಳಿಸ್ದೇ ಹೋಗಿದ್ದಕ್ಕೆ ಇಷ್ಟು ದಿನ ಜೊತೇಲಿದೀನಿ" ಅಂದ ಭಾವ.

"ಅಪ್ಪಾ!" ಅಂತ ತಿಹಾನಾ ಗದರಿದಳು. ಅವಳ ಕಣ್ಣು ತುಂಬಿತ್ತು, ಆದರೆ ನಗುತ್ತಿದ್ದಳು. ಅವಳ ಅಪ್ಪ ಹೀಗೆ ತಿರುಗೇಟು ಕೊಟ್ಟು ಎಷ್ಟು ಕಾಲವಾಗಿತ್ತು!

ಡಾಕ್ಟರು ಒಳಗೆ ಕರೆದರು. ಪರದೆಯ ಮೇಲೆ ಭಾವನ ತಲೆಯ ಚಿತ್ರ. ಅವರು ಮೊದಲು ಹೇಳಿದ್ದೇ ನಾವು ಕೇಳಲು ಕಾದಿದ್ದ ಮಾತನ್ನು. "ಗಡ್ಡೆ ಇಲ್ಲ. ಕೆಟ್ಟದ್ದು ಏನೂ ಇಲ್ಲ." ಆಮೇಲೆ ಹೇಳಿದ್ದರಲ್ಲಿ ನನಗೆ ನೆನಪಿರುವುದು ಸ್ವಲ್ಪ. ಎಡಗಿವಿ ಯಾಕೆ ಹೋಯಿತೆಂದು ಖಚಿತವಾಗಿ ಹೇಳಲಾಗದು, ಹೋದ ವರ್ಷ ಬಂದ ಜ್ವರದಿಂದ ಇರಬಹುದು, ಹೋದ ಕಿವಿ ಮಾತ್ರ ಮರಳಿ ಬರುವುದಿಲ್ಲ. ಅಕ್ಕ ತಡವರಿಸುತ್ತ ಆಂತೆಯ ವಿಷಯ ಎತ್ತಿದಳು. ಡಾಕ್ಟರು ನೆನಪಿನ ಪರೀಕ್ಷೆಯನ್ನೂ ಮಾಡಿಸಲು ಹೇಳಿದರು. ಅದನ್ನು ಊರಿಗೆ ಬಂದ ಮೇಲೆ ಮಾಡಿಸಿದೆವು. ಭಾವ ನರ್ಸು ಕೊಟ್ಟ ಪದಗಳನ್ನೆಲ್ಲ ಹಿಂದುಮುಂದಾಗಿ ಒಪ್ಪಿಸಿ, ಕಾರಿನಲ್ಲಿ ಕೂತ ಮೇಲೂ ಮನೆ ಬರುವ ತನಕ ಅದನ್ನೇ ಹಾಡಿನಂತೆ ಹೇಳಿಕೊಂಡು ನಮ್ಮ ಪ್ರಾಣ ತಿಂದ. ನಾನು ಬಸ್ಸಿನ ಮಕ್ಕಳೇ ವಾಸಿ ಅಂದುಕೊಂಡೆ, ಆದರೂ ಅದೆಷ್ಟು ಸುಖವಾಯಿತು ಅಂದರೆ, ಬೇಕೆಂದೇ ಬಳಸು ದಾರಿ ಹಿಡಿದೆ.

ಎರಡೂ ಕಿವಿಗೆ ಯಂತ್ರ ಬಂತು. ಎಡಗಿವಿಯ ಮೇಲೆ ಕೂತದ್ದು ಆ ಕಡೆಯ ಶಬ್ದ ಹಿಡಿದು ಬಲಗಿವಿಯದಕ್ಕೆ ದಾಟಿಸುತ್ತದೆ. ಮೊದಮೊದಲು ಕಾಗದ ಮಡಿಸಿದರೂ ಸಿಡಿಲು ಹೊಡೆದ ಹಾಗಾಗುತ್ತದೆ ಅಂತ ಗೊಣಗಿದ. ಫ್ರಿಜ್ಜಿಗೂ ದನಿಯಿದೆ ಅಂತ ಗೊತ್ತಾಗಿ ಅದರ ಮುಂದೆ ನಿಂತುಕೊಂಡು ಕೇಳಿದ.

ವಾರಿಕ್‌ನ ಅಂಗಡಿಗೆ ಮತ್ತೆ ಹೋದದ್ದು ಆಮೇಲೆ. ಅಕ್ಕ ದಾರಿಯಲ್ಲಿ ಮೆತ್ತಗೆ ಹೇಳಿದಳು, "ಹಿಂದಿನ ಸ್ಪೀಕರ್‌ಗಳು ಬೇಡ ಬಿಡು. ಪರದೆ ಕೆಳಗಿಡೋ ಉದ್ದನೆ ಪಟ್ಟಿ ಥರದ್ದು ಸಾಕು."

"ಯಾಕೆ?"

"ನಿಂಗೆ ಹೇಗೂ ಯಂತ್ರ ಹಾಕಿದ್ರೂ ಎಡ ಬಲ ಗೊತ್ತಾಗಲ್ವಲ್ಲ."

"ನಿಂಗೆ ಗೊತ್ತಾಗತ್ತಲ್ಲ!" ಭಾವ ಅವಳತ್ತ ತಿರುಗಿದ. "ಅವತ್ತು ಆ ಬೋಟು ಬಂದಾಗ ನೀವಿಬ್ರೂ ತಿರುಗಿ ನೋಡಿದ್ದು ನನ್ನ ಕಣ್ಣಿಗೆ ಬಿತ್ತು. ಸಣ್ಣ ಹುಡುಗೀರ ಥರ. ಸುತ್ತಲೂ ಹಾಕ್ಸು. ನೀನು ಬೆಚ್ಚಿಬೀಳೋದು ನೋಡ್ಕೊಂಡು ನಾನು ಕೂತಿರ್ತೀನಿ."

ಅಕ್ಕ ಕಿಟಕಿಯ ಕಡೆ ಮುಖ ತಿರುಗಿಸಿದಳು. ಆಮೇಲೆ ಜಗಳವಾಡದೆ "ಆಯ್ತು, ಸುತ್ತಲೂ ಹಾಕ್ಸೋಣ" ಅಂದಳು. ಅದು ಅಪರೂಪ.

ಭಾವ ವಾರಿಕ್‌ನ ಹತ್ತಿರ ಹಟ ಹಿಡಿದದ್ದು ಒಂದಕ್ಕೆ ಮಾತ್ರ. ಮಾತು ಬರುವ ಮಧ್ಯದ ಸ್ಪೀಕರ್ ಒಳ್ಳೆಯದಿರಬೇಕು, ಅದರ ದನಿಯನ್ನು ಬೇರೆಯಾಗಿ ಏರಿಸುವಂತಿರಬೇಕು. ಮೂಲೆಯ ಗುಡುಗುವ ಡಬ್ಬಿ ಚಿಕ್ಕದು ಸಾಕು. "ಗುಡುಗು ಕಡಲಲ್ಲಿ ಬೇಕಾದಷ್ಟು ಕೇಳಿದೀನಿ. ಮನುಷ್ಯರು ಏನು ಮಾತಾಡ್ತಾರೆ ಅಂತ ಕೇಳ್ಬೇಕು ನಂಗೆ." ವಾರಿಕ್ ತಾನೇ ಬಂದು ಎಲ್ಲವನ್ನೂ ಕೂರಿಸಿದ. ಸೋಫಾದ ಎಡತುದಿ ಭಾವನದೆಂದು ತೀರ್ಮಾನವಾಯಿತು, ಒಳ್ಳೆಯ ಕಿವಿ ನಮ್ಮ ಕಡೆಗಿರಲಿ ಅಂತ.

ಮೊದಲ ಆಟ ಭಾನುವಾರ ಮಧ್ಯಾಹ್ನ. ತಿಹಾನಾ ಬಂದಿದ್ದಳು, ಬೋಚೆ ಆಡುವ ಗೆಳೆಯರಿಬ್ಬರು ತಮ್ಮ ಹೆಂಡಂದಿರ ಜೊತೆ ಬಂದಿದ್ದರು. ಸುಟ್ಟ ಸಾರ್ಡೀನ್ ಮೀನು, ಅಕ್ಕ ಕರಿದು ಸಕ್ಕರೆ ಉದುರಿಸಿದ ಗರಿಗರಿ ಕ್ರೋಷ್ಟುಲೆ, ವೈನು. ಕಿಟಕಿಯ ದಪ್ಪ ಪರದೆ ಎಳೆದ ಮೇಲೆ ಕೊಲ್ಲಿಯ ಬೆಳಕು ಹೊರಗೇ ಉಳಿಯಿತು. ಹಾಕಿದ್ದು ಒಂದು ಹಾಸ್ಯದ ಚಿತ್ರ, ಯಾವುದೋ ಊರಿನ ಮದುವೆ ಮನೆಯ ಗೊಂದಲ.

ನಾನು ಚಿತ್ರ ನೋಡಿದ್ದಕ್ಕಿಂತ ಭಾವನನ್ನು ನೋಡಿದ್ದೇ ಹೆಚ್ಚು. ಅಕ್ಕನೂ ಹಾಗೇ. ಮದುವೆಗಂಡಿನ ಅಜ್ಜಿ ಪಾದ್ರಿಗೆ ಏನೋ ಮೆಲ್ಲಗೆ ಹೇಳಿದಳು, ತೀರಾ ಪಿಸುಮಾತು. ಕೋಣೆ ತುಂಬ ನಗು ಎದ್ದಿತು. ಆ ನಗುವಿನ ನಡುವೆಯೇ, ಒಂದು ಚೂರೂ ಹಿಂದೆ ಬೀಳದೆ, ಭಾವನ ನಗುವೂ ಇತ್ತು. ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ.

ಅಕ್ಕ ಎದ್ದು ಅಡುಗೆಮನೆಗೆ ಹೋದಳು. ಹೋಗುವಾಗ ಪರದೆಯ ಮೇಲೆ ಅವಳ ನೆರಳು ಬಿತ್ತು, ಎಲ್ಲರೂ ಕೂಗಿದರು. ನಾನು ಹಿಂದೆಯೇ ಹೋದೆ. ನಲ್ಲಿ ಬಿಟ್ಟುಕೊಂಡು ಮುಖ ತೊಳೆಯುತ್ತಿದ್ದಳು. "ಏನೂ ಆಗಿಲ್ಲ, ಹೋಗೇ" ಅಂದಳು. "ಇನ್ನೊಂದು ತಟ್ಟೆ ಕ್ರೋಷ್ಟುಲೆ ತರೋಣ ಅಂತ ಬಂದೆ."

ಆಗ ಒಳಗಿನಿಂದ ಭಾವನ ದನಿ ಬಂತು. "ಮಿಲ್ಕಾ! ಆ ಅಜ್ಜಿ ಮತ್ತೆ ಬಾಯಿ ತೆಗೆದ್ಲು, ಬೇಗ ಬಾರೇ! ಆಮೇಲೆ ಏನಂದ್ಲು ಏನಂದ್ಲು ಅಂತ ನನ್ನ ಕೇಳ್ಬೇಡ!"

ಅಕ್ಕ ಒದ್ದೆ ಕೈಯಲ್ಲೇ ತಟ್ಟೆ ಹಿಡಿದು ಓಡಿದಳು.